ನೀರಿನಡಿ ಮುನಿಸಿಕೊಂಡು ಕೂತ ದೊಡ್ಡಪ್ಪ

ಬೇರೆಯವರು ಮುನಿಸಿಕೊಂಡರೆ ಊಟ ಬಿಡುತ್ತಾರೆ. ನಮ್ಮ ದೊಡ್ಡಪ್ಪ ಹೋಗಿ ಸಮುದ್ರದ ತಳದಲ್ಲಿ ಕೂತುಬಿಟ್ಟರು.

ಅವರು ರೈಲು ನಿಲ್ದಾಣದ ಮೈಕಿನಲ್ಲಿ ರೈಲು ಬರುವುದು ಹೋಗುವುದನ್ನು ಹೇಳುತ್ತಿದ್ದವರು. ಅಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ನಿವೃತ್ತರಾಗಿ ಮನೆ ಸೇರಿದ ಮೇಲೆ ಅವರು ಬಾಯಿ ತೆರೆದರೆ ಸಾಕು, ನಾವು ಮಧ್ಯೆ ಬಾಯಿ ಹಾಕುತ್ತಿದ್ದೆವು. ನಾನಂತೂ ಎಲ್ಲರಿಗಿಂತ ಒಂದು ಕೈ ಮೇಲೆ. ಹಳೆಯ ಗೆಳೆಯರ ಜೊತೆ ಒಂದು ಪುಟ್ಟ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಪ್ರವಾಸ ಹೋದವರು, "ನೀರೊಳಗೆ ನೆಮ್ಮದಿಯಾಗಿದೆ, ನಾನು ಬರಲ್ಲ" ಎಂದು ಫೋನ್ ಇಟ್ಟರು.

"ಇನ್ನೊಬ್ಬಳ ಹಿಂದೆ ಹೋಗಿದ್ರೆ ಜಗಳ ಆಡಬಹುದಿತ್ತು. ಮೀನಿನ ಹತ್ರ ಏನಂತ ಆಡ್ಲಿ?" ಎಂದರು ದೊಡ್ಡಮ್ಮ. ಅವರಿಗೆ ಗಂಡ ಮನೆಗೆ ಬಂದರೆ ಸಾಕಾಗಿತ್ತು. ಅಪ್ಪ, ನಾನು, ದೊಡ್ಡಮ್ಮ ದೋಣಿ ಹತ್ತಿದೆವು.

ದ್ವೀಪದಲ್ಲಿ ಒಂದು ತಗಡಿನ ಶೆಡ್ಡು. ಗೋಡೆಗೆ ಒರಗಿಸಿದ ಸಿಲಿಂಡರ್‌ಗಳು, ಹಗ್ಗದ ಮೇಲೆ ಒಣಗುತ್ತಿದ್ದ ರಬ್ಬರ್ ಉಡುಪುಗಳು. ಡೈವಿಂಗ್ ಕಲಿಸುವ ಮೇಡಂ ದೊಡ್ಡಪ್ಪನನ್ನು ಹೊಗಳಿದರು. "ಗಾಳಿ ಖಾಲಿಯಾದ್ರೆ ಬರ್ತಾರೆ, ಸಿಲಿಂಡರ್ ಬದಲಾಯಿಸ್ಕೊಂಡು ಮತ್ತೆ ಇಳೀತಾರೆ. ಯಾರ ತಂಟೆಗೂ ಹೋಗಲ್ಲ."

ದಡದಲ್ಲೇ ಹಿಡಿಯೋಣವೆಂದರೆ, ನಮ್ಮನ್ನು ಕಂಡ ಕೂಡಲೇ ಅವರು ಉಸಿರಾಟದ ನಳಿಗೆಯನ್ನು ಬಾಯಿಗೆ ಕಚ್ಚಿಕೊಂಡರು. ಅದನ್ನು ಕಚ್ಚಿಕೊಂಡವರ ಹತ್ತಿರ ಮಾತಾಡುವುದಾದರೂ ಹೇಗೆ? ಅವರು ಮುಳುಗಿದ ಮೇಲೆ ಅಪ್ಪ ಸಿಲಿಂಡರ್ ಕಟ್ಟಿಕೊಂಡು ಮೇಡಂ ಜೊತೆ ನೀರಿಗಿಳಿದು ಕೈಮುಗಿದು ಕರೆದರು. ದೊಡ್ಡಪ್ಪ ನೊಣ ಓಡಿಸುವಂತೆ ಕೈ ಬೀಸಿದರು. ಆಮೇಲೆ ನಾನು ನೀರೊಳಗೆ ಬರೆಯುವ ಹಲಗೆ ಹಿಡಿದು ಇಳಿದೆ. 'ಇನ್ನು ಮಧ್ಯೆ ಬಾಯಿ ಹಾಕುವುದಿಲ್ಲ, ಬನ್ನಿ' ಎಂದು ಬರೆದು ಕೊಟ್ಟೆ. ಅವರು ಉತ್ತರ ಬರೆಯತೊಡಗಿದರು. ಅರ್ಧ ಓದುವಷ್ಟರಲ್ಲಿ ನನಗೆ ತಡೆಯಲಾಗದೆ, ಹಲಗೆ ಕಿತ್ತುಕೊಂಡು ನನ್ನ ಜವಾಬು ಬರೆದೆ. ಅವರು ಬೆನ್ನು ತಿರುಗಿಸಿ ಕೂತರು.

"ನಿಮ್ಮ ಕೈಲಾಗಲ್ಲ, ನಾನೇ ಹೋಗ್ತೀನಿ" ಎಂದರು ದೊಡ್ಡಮ್ಮ. ಹುಟ್ಟಿದಾಗಿನಿಂದ ಕಾಲು ಮುಳುಗುವಷ್ಟು ನೀರಿಗೂ ಇಳಿದವರಲ್ಲ. ಮೇಡಂ ಆಳವಿಲ್ಲದ ಕಡೆ ಕಲಿಸಿ, ದೋಣಿಯಲ್ಲಿ ಆಳದ ಕಡೆ ಹೋಗಿ, ತೋಳು ಹಿಡಿದು ಕೆಳಗೆ ಕರೆದೊಯ್ದರು. ನಾನೂ ಹಿಂದೆ ಹೋದೆ.

ದೊಡ್ಡಪ್ಪ ಚಪ್ಪಟೆ ಬಂಡೆಯ ಮೇಲೆ ಕೂತಿದ್ದರು. ಎದುರಿಗೆ ಕೂತ ದೊಡ್ಡಮ್ಮ ನಳಿಗೆ ಕಚ್ಚಿಕೊಂಡೇ ಮಾತು ಶುರು ಮಾಡಿದರು. ನಮಗೆ ಕೇಳಿಸಿದ್ದು ಬರೀ ಗುಳುಗುಳು. ದೊಡ್ಡಪ್ಪ ಕೈ ಎತ್ತಿದರು. ಮನೆಯಲ್ಲಿ ದೊಡ್ಡಮ್ಮ ಏನು ಹೇಳಹೊರಟರೂ ಹೀಗೇ ಕೈ ಎತ್ತಿ "ಅದಲ್ಲ ಕಣೇ" ಎನ್ನುತ್ತಿದ್ದರು. ಇಲ್ಲಿ ಆ ಮಾತು ಹೊರಡಲಿಲ್ಲ, ಎತ್ತಿದ ಕೈ ತಾನಾಗಿ ಇಳಿಯಿತು. ದೊಡ್ಡಮ್ಮ ಕೈ ಬಾಯಿ ತಿರುಗಿಸುತ್ತಾ ಹೇಳುತ್ತಲೇ ಹೋದರು. ಒಂದು ಹಳದಿ ಮೀನು ಇಬ್ಬರ ನಡುವೆ ಬಂದು, ಇದು ಮುಗಿಯುವುದಲ್ಲವೆಂದು ಹೊರಟುಹೋಯಿತು.

ಅಷ್ಟರಲ್ಲಿ ಮೇಡಂ ಗಾಳಿ ಎಷ್ಟು ಉಳಿದಿದೆಯೆಂದು ಹೇಳುವ ಮುಳ್ಳನ್ನು ತೋರಿಸಿದರು. ಮಾತಾಡಿ ಮಾತಾಡಿ ದೊಡ್ಡಮ್ಮನ ಸಿಲಿಂಡರ್ ಖಾಲಿಯಾಗುತ್ತಾ ಬಂದಿತ್ತು. ದೊಡ್ಡಪ್ಪ ಗಾಬರಿಬಿದ್ದು ತಮ್ಮ ಸಿಲಿಂಡರ್‌ಗಿದ್ದ ಇನ್ನೊಂದು ನಳಿಗೆಯನ್ನು ಹೆಂಡತಿಯ ಬಾಯಿಗಿಟ್ಟು, ಅವರನ್ನು ಅಪ್ಪಿಕೊಂಡು ನಿಧಾನವಾಗಿ ಮೇಲೆ ಬಂದರು. ದೋಣಿಯಲ್ಲಿದ್ದ ಅಪ್ಪನಿಗೆ ಅಣ್ಣ ಬಂದನೆಂದು ಕಣ್ಣು ತುಂಬಿತು.

"ಅಷ್ಟೊತ್ತು ಏನೇ ಹೇಳ್ತಿದ್ದೆ?" ಎಂದು ದೊಡ್ಡಪ್ಪ ಕೇಳಿದರು.

"ಮದುವೆಯಾದಾಗಿಂದ ಶುರು ಮಾಡಿದ್ದೆ. ದೊಡ್ಡ ಮಗ ಹುಟ್ಟೋವರೆಗೂ ಬಂದಿತ್ತು, ಗಾಳಿ ಮುಗೀತು."

"ಉಳಿದಿದ್ದು ಇಲ್ಲೇ ಹೇಳು, ಕೇಳ್ತೀನಿ."

"ಅವನು ಹುಟ್ಟಿದಾಗ ನೀವು ಆಸ್ಪತ್ರೆಗೆ..."

"ಅದಲ್ಲ ಕಣೇ" ಎಂದರು ದೊಡ್ಡಪ್ಪ.

ಮಧ್ಯೆ ಬಾಯಿ ಹಾಕಹೊರಟ ನಾನು ತುಟಿ ಕಚ್ಚಿಕೊಂಡೆ. ದೊಡ್ಡಮ್ಮ ಮೇಡಂ ಕಡೆ ತಿರುಗಿ, "ಇನ್ನೊಂದು ಸಿಲಿಂಡರ್ ಕೊಡಮ್ಮ" ಎಂದರು.

"ಅತ್ತಿಗೆ, ನಾವು ಅಣ್ಣನ್ನ ಕರ್ಕೊಂಡು ಹೋಗೋಕೆ ಬಂದಿದ್ದು" ಎಂದರು ಅಪ್ಪ.

"ನೀವು ಹೊರಡಿ. ನಮ್ಮನೆ ಗಿಡಗಳಿಗೆ ನೀರು ಹಾಕ್ತಿರಿ."

ದೊಡ್ಡಪ್ಪನ ಮುಖ ಸಣ್ಣದಾಯಿತು. ಹೊಸ ಸಿಲಿಂಡರನ್ನು ತಾವೇ ಎತ್ತಿ ಹೆಂಡತಿಯ ಬೆನ್ನಿಗೆ ಕಟ್ಟಿದರು, ಪಟ್ಟಿ ಬಿಗಿಯಾಯಿತೇ ಎಂದು ಕೇಳಿದರು. ಮೇಡಂ ಜೊತೆ ಇಬ್ಬರೂ ಮತ್ತೆ ಮುಳುಗಿದರು. ನನಗೆ ನಗು ಬರಬೇಕಿತ್ತು, ಅಳು ಬಂತು.

"ಅತ್ತಿಗೆ ಎಲ್ಲಿದ್ದಾರೋ?" ಎಂದು ಅಪ್ಪ ನೀರಿಗೆ ಬಗ್ಗಿದರು. ಒಂದು ಕಡೆ ಗುಳ್ಳೆಗಳು ಎಡೆಬಿಡದೆ ಉಕ್ಕುತ್ತಿದ್ದವು. ಅದರ ಪಕ್ಕದಲ್ಲೇ ಆಗೊಮ್ಮೆ ಈಗೊಮ್ಮೆ ನಾಲ್ಕು ಗುಳ್ಳೆ ಏಳುತ್ತಿದ್ದವು, ಅಲ್ಲಿ ದೊಡ್ಡಪ್ಪ ಸುಮ್ಮನೆ ಉಸಿರಾಡುತ್ತಿದ್ದರು.