ಬೈರಣ್ಣನ ಕೈ ಯಾರು ನೋಡಬೇಕು?

ಜಯನಗರದಲ್ಲಿ ಆಗ ಸಾಲುಸಾಲಾಗಿ ಹೊಸ ಮನೆಗಳು ಏಳುತ್ತಿದ್ದವು. ಅವುಗಳ ಬಾಗಿಲು, ಕಿಟಕಿಗೆ ಮರ ಕೊಯ್ಯುವ ಮಿಲ್ಲಿನಲ್ಲಿ ಕತ್ರಿಗುಪ್ಪೆಯ ಬೈರಣ್ಣ ಕೆಲಸಕ್ಕಿದ್ದ. ಹೆಂಡತಿ ಮುನಿವೆಂಕಟಮ್ಮ ಎಮ್ಮೆ ಸಾಕಿಕೊಂಡು ಆ ಮನೆಗಳಿಗೇ ಹಾಲು ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಮನೆ ಮುಂದೆ ಜಟಕಾ ಗಾಡಿ ನಿಂತಿತು. ಮಿಲ್ಲಿನ ಮೇಸ್ತ್ರಿ ಗಂಗಾಧರಯ್ಯ ಬೈರಣ್ಣನ ಹೆಗಲು ಹಿಡಿದು ಇಳಿಸಿದ. ಬೈರಣ್ಣನ ಬಲಗೈಗೆ ಟವಲ್ಲು ಸುತ್ತಿತ್ತು. ದಿಮ್ಮಿ ಉರುಳಿ ಮುಂಗೈ ಮೇಲೆ ಬಿದ್ದಿತ್ತು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನಾಗಿಲ್ಲ ಕಣಮ್ಮ, ಬರೀ ಉಳುಕು," ಅಂದ ಗಂಗಾಧರಯ್ಯ. "ಮಿಲ್ಲಿನ ಸಾವ್ಕಾರ್ರು ನಮ್ ಡಾಕ್ಟ್ರನ್ನೇ ಕಳಿಸ್ತಾರೆ. ದೊಡ್ಡಾಸ್ಪತ್ರೆಗೆ ಮಾತ್ರ ಹೋಗ್ಬೇಡಿ. ಅಲ್ಲಿ ಹೋದ್ರೆ ಪೊಲೀಸ್ನೋರು ಬರ್ತಾರೆ, ಮಿಲ್ಲು ಮುಚ್ತಾರೆ. ಆಮೇಲೆ ಎಲ್ಲರ ಹೊಟ್ಟೆ ಮೇಲೂ ಹೊಡೆದಂಗಾಗ್ತದೆ. ಯಾರಾದ್ರೂ ಕೇಳಿದ್ರೆ ಮನೇಲಿ ಜಾರಿ ಬಿದ್ದೆ ಅನ್ನಿ."

ಸಂಜೆಗೆ ಒಬ್ಬಾತ ಚೀಲ ಹಿಡಿದು ಬಂದ. ಹೆಸರು ಹೇಳಲಿಲ್ಲ. ಒಂದು ಸೂಜಿ ಚುಚ್ಚಿ, ಮುಲಾಮು ಬಳಿದು, ಬಿಗಿಯಾಗಿ ಪಟ್ಟಿ ಕಟ್ಟಿ ಹೊರಟ. "ವಾರದಲ್ಲಿ ಕೆಲಸಕ್ಕೆ ಹೋಗಬಹುದು," ಅಂದ.

ಮುನಿವೆಂಕಟಮ್ಮ ಅವನ ಬೆನ್ನನ್ನೇ ನೋಡುತ್ತ ನಿಂತಳು. ಈ ಚೀಲವನ್ನು ಅವಳು ಹಿಂದೆಯೂ ಕಂಡಿದ್ದಳು. ಪಕ್ಕದ ಓಣಿಯ ರಾಮಯ್ಯ ಅದೇ ಮಿಲ್ಲಿನಲ್ಲಿ ಕೈ ಮುರಿದುಕೊಂಡಾಗ ಕಟ್ಟು ಕಟ್ಟಿದ್ದೂ ಇವನೇ. ಈಗ ರಾಮಯ್ಯನ ಕೈ ಒಣಕಲು ಕಡ್ಡಿಯ ಹಾಗೆ ಸೊಟ್ಟಗಾಗಿದೆ. ಊಟ ಕಲಸೋಕೂ ಆಗುವುದಿಲ್ಲ. ಪರಿಹಾರ ಕೇಳಲು ಹೋದರೆ, "ಮನೇಲಿ ಬಿದ್ದೆ ಅಂತ ನೀನೇ ಹೇಳಿದ್ಯಲ್ಲಪ್ಪ," ಎಂದು ಗೇಟಿನಲ್ಲೇ ವಾಪಸು ಕಳಿಸಿದ್ದರು.

ಬೆಳಗ್ಗೆ ಎದ್ದವಳು ಗಂಡನ ಬೆರಳು ಮುಟ್ಟಿ ನೋಡಿದಳು. ಬಾವಿಯಿಂದ ಎತ್ತಿದ ಕಲ್ಲಿನ ಹಾಗೆ ತಣ್ಣಗಿದ್ದವು. ಉಗುರು ನೀಲಿಗಟ್ಟಿತ್ತು.

"ನೋವ್ತದಾ?" ಅಂದಳು.

"ನೆನ್ನೆ ನೋಯ್ತಿತ್ತು. ಈಗೇನೂ ಇಲ್ಲ. ವಾಸಿ ಆಯ್ತಾ ಅದೆ ಕಣಮ್ಮಿ," ಅಂದ ಬೈರಣ್ಣ.

ನೋವಿಲ್ಲ ಅನ್ನುವ ಮಾತೇ ಅವಳನ್ನು ಹೆದರಿಸಿತು. ಹಾಲಿನ ಪಾತ್ರೆ ಹೊತ್ತು ಹೊರಟವಳು ದಾರಿಯುದ್ದಕ್ಕೂ ರಾಮಯ್ಯನ ಕೈಯನ್ನೇ ಕಾಣುತ್ತಿದ್ದಳು.

ಅವಳು ಹಾಲು ಹಾಕುವ ಮನೆಗಳಲ್ಲಿ ವಾರಿಜಾ ಅವರದ್ದೂ ಒಂದು. ವಾರಿಜಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅವತ್ತು ಮುನಿವೆಂಕಟಮ್ಮ ಸುರಿದ ಹಾಲು ಪಾತ್ರೆ ತಪ್ಪಿ ಮೆಟ್ಟಿಲ ಮೇಲೆಲ್ಲ ಚೆಲ್ಲಿತು.

"ಏನಾಯ್ತು ಮುನಿವೆಂಕಟಮ್ಮ? ಹುಷಾರಿಲ್ವಾ?" ಎಂದರು ವಾರಿಜಾ.

ಅವಳು ಎಲ್ಲ ಹೇಳಿಕೊಂಡಳು. ವಾರಿಜಾ ಎಲ್ಲ ಕೇಳಿಸಿಕೊಂಡು ಅಂದರು: "ಆ ಡಾಕ್ಟ್ರು ಎಲ್ಲಿ ಓದಿದ್ದಾರೆ? ಅವರ ಕ್ಲಿನಿಕ್ಕು ಎಲ್ಲಿದೆ?"

"ಹೆಸ್ರೇ ಗೊತ್ತಿಲ್ಲ ಅಮ್ಮಾವ್ರೆ."

"ಹೆಸರೇ ಗೊತ್ತಿಲ್ಲದೋರ ಕೈಗೆ ಗಂಡನ ಕೈ ಕೊಟ್ರಾ?" ಎಂದ ವಾರಿಜಾ ಸೀರೆಯ ಸೆರಗು ಸಿಕ್ಕಿಸಿಕೊಂಡು ಚಪ್ಪಲಿ ಹಾಕಿಕೊಂಡರು. "ನಡೀರಿ, ಈಗಲೇ ಹೋಗೋಣ."

ಮನೆಯಲ್ಲಿ ಬೈರಣ್ಣ ಜಪ್ಪಯ್ಯ ಅಂದರೂ ಏಳಲಿಲ್ಲ. "ಬ್ಯಾಡಿ ಅಮ್ಮಾವ್ರೆ. ಕೆಲ್ಸ ಹೋಯ್ತದೆ. ಸಾವ್ಕಾರ್ರಿಗೆ ಎದುರು ಬಿದ್ದು ಈ ಊರಲ್ಲಿ ಬಾಳಕ್ಕಾಯ್ತದಾ?"

"ಆಸ್ಪತ್ರೆಗೆ ಹೋಗೋದು ಎದುರು ಬಿದ್ದ ಹಾಗಲ್ಲಪ್ಪ," ಎಂದರು ವಾರಿಜಾ. "ಕೆಲಸದಲ್ಲಿ ಪೆಟ್ಟಾದ್ರೆ ಮಾಲೀಕರು ಪರಿಹಾರ ಕೊಡಬೇಕು ಅಂತ ಕಾಯ್ದೆನೇ ಇದೆ. ಅದು ಸಿಗಬೇಕಾದ್ರೆ, ಓದಿದ ಡಾಕ್ಟ್ರು ನೋಡಿರಬೇಕು. ಪೆಟ್ಟು ಎಷ್ಟು ಅಂತ ಅವರು ಬರೆದುಕೊಡಬೇಕು."

"ಸಾವ್ಕಾರ್ರು ಬೇರೆ ಡಾಕ್ಟ್ರ ಹತ್ರ ಹೋಗು ಅಂದ್ರೆ?" ಎಂದು ಕೇಳಿದ ಬೈರಣ್ಣ.

"ಓದಿದ ಡಾಕ್ಟ್ರಾದ್ರೆ ಹೋಗಿ ತೋರಿಸಿ. ಒಲ್ಲೆ ಅಂದ್ರೆ ಪರಿಹಾರ ನಿಂತುಹೋಗುತ್ತೆ. ಆದ್ರೆ ಅವರು ಪರೀಕ್ಷೆ ಮಾಡೋದು ಬೇರೆ, ನಿಮ್ಮ ಔಷಧಿ ಬೇರೆ. ನಿಮಗೆ ನಂಬಿಕೆ ಇರೋ ಕಡೆ ಔಷಧಿ ಮಾಡಿಸ್ಕೊಳ್ಳಿ."

ಬೈರಣ್ಣ ಗೋಡೆ ಕಡೆ ತಿರುಗಿದ. ಮುನಿವೆಂಕಟಮ್ಮ ಅವನ ಪಕ್ಕ ಕುಕ್ಕರಿಸಿ ಕುಳಿತಳು. "ಕೆಲ್ಸ ಹೋದ್ರೆ ಎಮ್ಮೆ ಅವೆ. ಕೈ ಹೋದ್ರೆ ಏನೈತೆ?" ಅಂದಳು. ಅವನು ಎದ್ದು ಎಡಗೈಯಲ್ಲೇ ಪಂಚೆ ಸರಿಮಾಡಿಕೊಂಡ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಬಾಗಿಲಲ್ಲಿ ಗಂಗಾಧರಯ್ಯ ಕಾಣಿಸಿಕೊಂಡ. ಯಾರು ಸುದ್ದಿ ಕೊಟ್ಟರೋ. ಅವನು ಬೈಯಲಿಲ್ಲ, ಗದರಲಿಲ್ಲ. ಕಂಬಕ್ಕೆ ಒರಗಿ ಬೈರಣ್ಣನನ್ನೇ ನೋಡುತ್ತ ನಿಂತ. ಮುನಿವೆಂಕಟಮ್ಮ ಗಂಡನ ಪಕ್ಕಕ್ಕೆ ಇನ್ನಷ್ಟು ಸರಿದು ಕೂತಳು.

ಡಾಕ್ಟರು ಪಟ್ಟಿ ಬಿಚ್ಚಿದರು. ಕೈ ಊದಿ ಕಪ್ಪಾಗಿತ್ತು. "ಹೇಗಾಯ್ತು?" ಎಂದು ಕೇಳಿದರು.

ಬೈರಣ್ಣ ಬಾಗಿಲ ಕಡೆ ನೋಡಿದ. "ಮನೇಲಿ..." ಅಂದು ನಿಲ್ಲಿಸಿದ.

ಡಾಕ್ಟರು ಸೂಜಿ ತೆಗೆದುಕೊಂಡರು. "ಚುಚ್ತೀನಿ, ನೋವಾದ್ರೆ ಹೇಳಿ. ಆ ಕಡೆ ತಿರುಗಿ," ಅಂದರು.

ಬೈರಣ್ಣ ಮುಖ ತಿರುಗಿಸಿ ಹಲ್ಲು ಕಚ್ಚಿಕೊಂಡು ಕಾದ. ಮುನಿವೆಂಕಟಮ್ಮ ಸೂಜಿ ಕಿರುಬೆರಳಿಗೆ ಇಳಿಯುವುದನ್ನು ಕಂಡಳು. ಮತ್ತೊಂದು ಬೆರಳಿಗೆ ಇಳಿಯುವುದನ್ನೂ ಕಂಡಳು. ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಯಾವಾಗ ಚುಚ್ತೀರ ಸ್ವಾಮಿ?" ಅಂದ ಬೈರಣ್ಣ.

ಅವನು ತಿರುಗಿ ನೋಡಿದ. ಬೆರಳ ತುದಿಯಲ್ಲಿ ರಕ್ತದ ಹನಿ ಇತ್ತು. ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಬಾಗಿಲ ಕಡೆ ನೋಡದೆ ಹೇಳಿದ: "ಮಿಲ್ಲಲ್ಲಿ ಸ್ವಾಮಿ. ಕೆಲ್ಸ ಮಾಡ್ತಿದ್ದಾಗ ದಿಮ್ಮಿ ಬಿತ್ತು."

ಡಾಕ್ಟರು ಹಾಗೆಯೇ ಬರೆದುಕೊಂಡರು. ಎಕ್ಸ್‌ರೇ ತೆಗೆಸಿದರೆ ಮೂಳೆ ಎರಡು ಕಡೆ ಮುರಿದಿತ್ತು. ಬಿಗಿದ ಪಟ್ಟಿಯಿಂದ ರಕ್ತ ಓಡದೆ ಬೆರಳು ಸಾಯುತ್ತಿದ್ದವು. "ಇನ್ನೊಂದು ದಿನ ತಡೆದಿದ್ರೆ ಕೈ ತೆಗೀಬೇಕಾಗಿತ್ತು," ಎಂದರು.

ಕೈ ಉಳಿಯಿತು. ಎರಡು ಬೆರಳು ಮಾತ್ರ ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಬೈರಣ್ಣ ಪರಿಹಾರಕ್ಕೆ ಲೇಬರ್ ಆಫೀಸಿನಲ್ಲಿ ಅರ್ಜಿ ಹಾಕಿದ. ಕೇಸು ನಡೆದಾಗ ಸಾಹುಕಾರರು ತಮ್ಮ ಕಡೆಯ ಡಾಕ್ಟರ ಬಳಿ ಬರಹೇಳಿದರು. ಈ ಸಲ ಅವರು ಓದಿದ ಡಾಕ್ಟರೇ. ಬೈರಣ್ಣ ಹೆದರುತ್ತಲೇ ಹೋದ. ಎಕ್ಸ್‌ರೇ ಕಣ್ಣೆದುರಿಗಿರುವಾಗ ಅವರಾದರೂ ಉಳುಕು ಅನ್ನುವುದು ಹೇಗೆ? ತಡವಾದರೂ ಪರಿಹಾರ ಬಂತು. ಮಿಲ್ಲಿನವರು ಅವನನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ, ಅದೂ ನಿಜವೇ. ಪರಿಹಾರದ ಹಣದಲ್ಲಿ ಇನ್ನೊಂದು ಎಮ್ಮೆ ಕೊಂಡು, ಈಗ ಗಂಡ ಹೆಂಡತಿ ಇಬ್ಬರೂ ಹಾಲು ಹಾಕುತ್ತಾರೆ. ಓಣಿಯಲ್ಲಿ ಯಾರಿಗಾದರೂ ಕೆಲಸದಲ್ಲಿ ಪೆಟ್ಟಾದರೆ ಬೈರಣ್ಣ ತಾನೇ ಹೋಗಿ, ಬೇಡ ಬೇಡ ಅಂದರೂ ಬಿಡದೆ ಆಸ್ಪತ್ರೆಗೆ ಎಬ್ಬಿಸಿಕೊಂಡು ಹೋಗುತ್ತಾನೆ.

ಅಣ್ಣಂದಿರೇ, ಅಕ್ಕಂದಿರೇ, ಇಂಥ ಗಾಡಿ ನಾಳೆ ನಿಮ್ಮ ಮನೆಯ ಮುಂದೆಯೂ ಬಂದು ನಿಲ್ಲಬಹುದು. ಕೆಲಸದಲ್ಲಿ ಪೆಟ್ಟಾದರೆ ಅದೇ ದಿನ ಓದಿದ ಡಾಕ್ಟರಿಗೆ ತೋರಿಸಿ. ಅವರ ಹೆಸರು ಕೇಳಿ, ಎಲ್ಲಿ ಓದಿದ್ದಾರೆಂದು ಕೇಳಿ, ಕೇಳಿದರೆ ತಪ್ಪಿಲ್ಲ. ಎಲ್ಲಿ, ಹೇಗೆ ಪೆಟ್ಟಾಯಿತೋ ಇದ್ದದ್ದು ಇದ್ದ ಹಾಗೆ ಹೇಳಿ. ಮಾಲೀಕರಿಗೂ ಬೇಗ ಬರೆದು ತಿಳಿಸಿ. ಅವರು ಓದಿದ ಡಾಕ್ಟರ ಬಳಿ ಪರೀಕ್ಷೆಗೆ ಕರೆದರೆ ತಪ್ಪಿಸಬೇಡಿ. ಭಯ ಎಲ್ಲರಿಗೂ ಇರುತ್ತದೆ, ಬೈರಣ್ಣನಿಗೂ ಇತ್ತು. ಭಯವಿದ್ದರೂ ಆಸ್ಪತ್ರೆಗೆ ನಡೆಯಿರಿ.