ಗ್ರಹಣಂ ಮೊರ್ರಿ

ಬದನೆಕಾಯಿ ಹೆಚ್ಚುತ್ತಿದ್ದೆ. ಎರಡನೆಯದನ್ನು ಈಳಿಗೆಗೆ ಒತ್ತುವಷ್ಟರಲ್ಲಿ ಅತ್ತೆ ಬಂದು ಈಳಿಗೆಮಣೆಯನ್ನು ನನ್ನ ಕಾಲಡಿಯಿಂದಲೇ ಎಳೆದುಕೊಂಡರು. ಅರ್ಧ ಸೀಳಿದ ಕಾಯಿ ನನ್ನ ಕೈಯಲ್ಲೇ ಉಳಿಯಿತು. ಮನೆಯ ಚಾಕು, ಕತ್ತರಿ, ಕುಡುಗೋಲುಗಳನ್ನು ಅವರು ಆಗಲೇ ಹಳೆಯ ಸೀರೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು.

ಅಂದು ಹೋಳಿ ಹುಣ್ಣಿಮೆ, ಸಂಜೆಗೆ ಚಂದ್ರಗ್ರಹಣ. ನಾದಿನಿ ಅರ್ಚನಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಸುರಿಯಿರುವ ಮನೆಯಲ್ಲಿ ಗ್ರಹಣದ ದಿನ ಏನನ್ನಾದರೂ ಕೊಯ್ದರೆ ಹುಟ್ಟುವ ಕೂಸಿನ ತುಟಿ ಸೀಳುತ್ತದೆಂದು ಅತ್ತೆ ಮೈಲಾರಮ್ಮನವರ ನಂಬಿಕೆ. ಊರಿನದೂ ಅದೇ. ಅಷ್ಟನ್ನೇ ಹೇಳಿ ಹೋಗಿದ್ದರೆ ನಾನು ಬೇಳೆಸಾರು ಮಾಡಿ ಸುಮ್ಮನಾಗುತ್ತಿದ್ದೆ. ಆದರೆ ಹೊಸಿಲು ದಾಟುತ್ತ ಅವರು, “ಈ ಮನೇಗೆ ಒಂದು ಸಾಕು ಕಣಮ್ಮ,” ಅಂದರು.

ಆ ಒಂದು ಅಲ್ಲೇ ಒಲೆಯ ಪಕ್ಕ ಕೂತು ಹಾಲು ಕುಡಿಯುತ್ತಿತ್ತು. ನನ್ನ ಮಗಳು ಗಂಗೋತ್ರಿ, ಐದನೆಯ ಕ್ಲಾಸು.

ಗಂಗೋತ್ರಿ ಮೇಲ್ದುಟಿ ಸೀಳಿಕೊಂಡೇ ಹುಟ್ಟಿದಳು. ಮೊಲೆ ಚೀಪಲಾಗದ ಕೂಸಿಗೆ ತಿಂಗಳುಗಟ್ಟಲೆ ಒಳಲೆಯಲ್ಲಿ ಹನಿಹನಿಯಾಗಿ ಹಾಲು ಕುಡಿಸಿದವರು ಇದೇ ಅತ್ತೆ. ಅದನ್ನು ನಾನು ಮರೆತವಳಲ್ಲ. ಆಪರೇಷನ್ ಆಗಿ ತುಟಿ ಕೂಡಿಕೊಂಡಿತು, ಒಂದು ಗೆರೆ ಉಳಿಯಿತು. ಪ, ಬ ಅನ್ನುವಾಗ ದನಿ ಮೂಗಿನಿಂದ ಬರುತ್ತದೆ. ಮನೆಯಲ್ಲಿ ಬಾಯಿ ಮುಚ್ಚದ ಹುಡುಗಿ ಹೊರಗೆ ಬಾಯಿ ತೆರೆಯುವುದಿಲ್ಲ. ಏನು ಬೇಕಾದರೂ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ, ನಾನು ಜನರಿಗೆ ಹೇಳುತ್ತೇನೆ.

ನಮ್ಮದು ಗಡಿಯಾಚೆ, ಅಗಳಿ ಕಡೆಯ ಊರು. ಮನೆಯೊಳಗೆ ಕನ್ನಡ, ಸ್ಕೂಲಿನ ಅಂಗಳದಲ್ಲಿ ತೆಲುಗು. ಕನ್ನಡದಲ್ಲಿ ಸೀಳುತುಟಿ ಎಂದು ಹೇಳಿ ಬಿಟ್ಟುಬಿಡುತ್ತೇವೆ. ತೆಲುಗಿನಲ್ಲಿ ಅದಕ್ಕೆ ಗ್ರಹಣಂ ಮೊರ್ರಿ ಅನ್ನುತ್ತಾರೆ, ಗ್ರಹಣದಿಂದಾದ ಸೀಳು. ತಪ್ಪು ಯಾರದೆಂಬುದನ್ನೂ ಹೆಸರಿನೊಳಗೇ ಕಟ್ಟಿಟ್ಟಿದ್ದಾರೆ. ಒಂದನೆಯ ಕ್ಲಾಸಿಗೆ ಸೇರಿದ ಹೊಸತರಲ್ಲಿ ಗಂಗೋತ್ರಿ ಓಡಿಬಂದು, ಎಲ್ಲರೂ ತನಗೆ ಗ್ರಹಣ ಅಂತ ಹೆಸರಿಟ್ಟಿದ್ದಾರೆ ಎಂದು ಹೆಮ್ಮೆಯಿಂದ ಹೇಳಿದ್ದಳು. ಮೊರ್ರಿ ಎಂದರೇನೆಂದು ಅವಳಿಗೆ ಆಗ ತಿಳಿದಿರಲಿಲ್ಲ. ತಿಳಿದ ಮೇಲೂ ಗ್ರಹಣದ ಮೇಲಿನ ಅಕ್ಕರೆ ಹೋಗಲಿಲ್ಲ.

ಹಾಗಾಗಿಯೇ ರಘುನಾಥ್ ಸರ್ ಸ್ಕೂಲಿಗೆ ಬಂದು, ಆಕಾಶ ನೋಡುವ ಬಳಗ ಕಟ್ಟುತ್ತೇವೆ, ಗ್ರಹಣವನ್ನೂ ತೋರಿಸುತ್ತೇವೆ ಎಂದಾಗ ಮೊದಲು ಎದ್ದದ್ದು ಇವಳ ಕೈ. ಅವರು ರಾಯದುರ್ಗದಲ್ಲಿ ಮೇಷ್ಟರಾಗಿದ್ದು, ಮಡಕಶಿರಕ್ಕೆ ವರ್ಗವಾಗಿ ಬರುವಾಗ ದುರ್ಬೀನಿನ ಜೊತೆ ಆ ಹುಚ್ಚನ್ನೂ ತಂದವರು. ರಾಯದುರ್ಗ ನನ್ನ ತವರು, ಅದಕ್ಕೇ ನನಗೂ ಒಂದಿಷ್ಟು ಸಲಿಗೆ. ಕಾರ್ತಿಕದಲ್ಲಿ ಕೃತ್ತಿಕೆಯ ಗೊಂಚಲನ್ನು ತೋರಿಸಿದರು. ಸಂಕ್ರಾಂತಿಯ ಹೊತ್ತಿಗೆ ಗುರುವನ್ನೂ ಅದರ ಸುತ್ತಲಿನ ಚಂದ್ರರನ್ನೂ. ಪ್ರತಿ ಸಲವೂ ಗಂಗೋತ್ರಿ ನನ್ನ ಕಿವಿಯಲ್ಲಿ ಕೇಳಿದಳು, ನಾನು ಸರ್‌ಗೆ ಕೇಳಿದೆ.

ಅಜ್ಜಿಯ ಮಾತು ಕೇಳಿದ ಆ ಬೆಳಿಗ್ಗೆ ಅವಳು ಲೋಟ ಕೆಳಗಿಟ್ಟು ಬೆರಳಿನಿಂದ ತುಟಿ ಮುಚ್ಚಿಕೊಂಡಳು.

ನಾನು ಎದ್ದು ಅತ್ತೆಯ ಹಿಂದೆಯೇ ಹೋದೆ.

“ಈಳಿಗಿ ಕೊಡ್ರಿ ಅತ್ತಿ. ಬಸುರಿ ನಾನಲ್ಲ. ಈಗೂ ಹೆಚ್ತೀನಿ, ಗ್ರಹಣ ಹಿಡಿದಾಗೂ ಹೆಚ್ತೀನ್ರಿ.”

“ನಿಮ್ಮ ರಾಯದುರ್ಗದೋರೆಲ್ಲ ಇಷ್ಟೇ,” ಅಂದರು ಅತ್ತೆ. “ರೀ ರೀ ಅಂತ ಮರ್ಯಾದೆ ಕೊಟ್ಕಂಡೇ ಕತ್ತು ಕುಯ್ತೀರ.”

ಈಳಿಗೆ ಇಬ್ಬರ ಕೈಯಲ್ಲೂ ಇತ್ತು. ಹೆದರಬೇಕಾದವಳು ಅರ್ಚನಾ. ಅವಳ ಕಡೆ ನೋಡಿದೆ. ಅವಳು ಹಾಸಿಗೆಯಿಂದಲೇ, “ಹೆಚ್ಲಿ ಬಿಡವ್ವ, ನಂಗೆ ಬದನೇಕಾಯಿ ಪಲ್ಯ ಬೇಕು,” ಅಂದಳು. ಅತ್ತೆಯ ಹಿಡಿತ ಸಡಿಲವಾಯಿತು. ನಾನು ಒಲೆಯ ಮುಂದೆ, ಎಲ್ಲರಿಗೂ ಕಾಣುವ ಹಾಗೆ ಕೂತು, ಇದ್ದ ಬದನೆಕಾಯಿಯನ್ನೆಲ್ಲ ಹೆಚ್ಚಿದೆ. ಸಂಜೆ ಗಂಗೋತ್ರಿಯನ್ನು ಹತ್ತಿರದ ರತ್ನಗಿರಿ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ, ಗ್ರಹಣ ತೋರಿಸಿಯೇ ಬರುತ್ತೇನೆ ಎಂದೂ ಹೇಳಿದೆ. ಅತ್ತೆ ಮಧ್ಯಾಹ್ನದವರೆಗೆ ನೀರಿನ ಕೊಡ, ಹಾಲು, ಉಪ್ಪಿನಕಾಯಿ ಜಾಡಿಗೆಲ್ಲ ಗರಿಕೆ ಹಾಕುತ್ತ ತಿರುಗಿದರು. ನಾವು ಹೊರಡುವಾಗ ಬಂದು ಮೊಮ್ಮಗಳ ಜಡೆಗೂ ಒಂದು ಎಸಳು ಸಿಕ್ಕಿಸಿದರು. ನಾನು ಅದನ್ನು ತೆಗೆಯಲಿಲ್ಲ.

ಆಟೋದಲ್ಲಿ ಗಂಗೋತ್ರಿ ನನ್ನ ಕಿವಿಗೆ ಬಾಯಿಟ್ಟು ಒಂದು ಪ್ರಶ್ನೆ ಹೇಳಿದಳು. ಸರ್‌ಗೆ ಕೇಳಮ್ಮ ಅಂದಳು. ಇದನ್ನು ನಾನು ಕೇಳುವುದಿಲ್ಲ, ನೀನೇ ಕೇಳು ಅಂದೆ. ಅವಳು ನಂಬದವಳಂತೆ ನನ್ನ ಮುಖ ನೋಡಿದಳು. ಹತ್ತು ವರ್ಷದಲ್ಲಿ ಅವಳ ಮಾತಿಗೆ ನಾನು ಇಲ್ಲವೆಂದದ್ದು ಕಡಿಮೆ. ಆದರೆ ಇದನ್ನು ನಾನು ಕೇಳಿದರೆ ತಾಯಿಯೊಬ್ಬಳು ತನ್ನ ಮೇಲಿನ ಅಪವಾದ ತೊಳೆದುಕೊಂಡಂತಾಗುತ್ತಿತ್ತು, ಅಷ್ಟೆ. ತುಟಿ ಅವಳದು.

ರತ್ನಗಿರಿಯ ಕೋಟೆ ಬೆಟ್ಟದ ಬುಡದಲ್ಲಿ, ಪೂರ್ವಕ್ಕೆ ಬಯಲಾಗಿರುವ ಬಂಡೆಯ ಮೇಲೆ ಸರ್ ದುರ್ಬೀನು ನಿಲ್ಲಿಸಿದ್ದರು. ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿರುತ್ತದೆ, ಬಿಡುವುದನ್ನಷ್ಟೇ ನಾವು ನೋಡುವುದು ಎಂದು ಮೊದಲೇ ತಿಳಿಸಿದ್ದರು. ಸುತ್ತಲ ಊರಿನ ಮಕ್ಕಳು, ಒಂದಿಬ್ಬರು ತಂದೆತಾಯಿ. ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೆ ಧೂಳಿನ ಮೇಲೆ ಚಂದ್ರ ಮಸುಕಾಗಿ ಕಂಡಿತು. ಒಂದು ಅಂಚನ್ನು ಯಾರೋ ಕಚ್ಚಿದಂತಿತ್ತು.

ಅವಳ ಕ್ಲಾಸಿನ ಹುಡುಗನೊಬ್ಬ ಹಿಂದಿನಿಂದ, “ಗ್ರಹಣಂ ಮೊರ್ರಿ ಗ್ರಹಣಾನೇ ನೋಡಾಕ್ ಬಂದೈತೆ ಕಣ್ರೋ,” ಅಂದ. ಮಕ್ಕಳು ನಕ್ಕರು. ಸರ್ ತಿರುಗಿ ನೋಡಿದರು. ನನ್ನ ಬಾಯಿಗೂ ಮಾತು ಬಂದಿತ್ತು, ನುಂಗಿದೆ. ಮನೆಗೆ ಹೋಗೋಣವಾ ಎಂದು ಗಂಗೋತ್ರಿಯನ್ನು ಮೆಲ್ಲಗೆ ಕೇಳಿದೆ. ಅವಳು ತಲೆಯಾಡಿಸಿ ಬೇಡವೆಂದಳು. ಸರದಿ ಬಂದಾಗ ದುರ್ಬೀನಿಗೆ ಕಣ್ಣಿಟ್ಟವಳು ಉಳಿದವರಿಗಿಂತ ಹೆಚ್ಚು ಹೊತ್ತು ನೋಡಿದಳು.

ಸರ್ ಬ್ಯಾಟರಿಯ ಬೆಳಕಿಗೆ ಚೆಂಡು ಹಿಡಿದು ತೋರಿಸಿದರು. ಸೂರ್ಯ ಒಂದು ಕಡೆ, ಚಂದ್ರ ಒಂದು ಕಡೆ, ನಡುವೆ ನಮ್ಮ ಭೂಮಿ. ಚಂದ್ರನನ್ನು ಕಚ್ಚಿರುವುದು ನಾವು ನಿಂತ ನೆಲದ ನೆರಳು, ಬೇರೇನೂ ಅಲ್ಲ ಅಂದರು. ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ. ಅಷ್ಟರಲ್ಲಿ ಕಚ್ಚಿದ ಜಾಗ ಕಿರಿದಾಗುತ್ತ ಬಂದು, ನೋಡನೋಡುತ್ತಿದ್ದಂತೆ ಚಂದ್ರ ದುಂಡಗಾಯಿತು.

ಯಾರಾದರೂ ಏನಾದರೂ ಕೇಳುವುದಿದೆಯೇ ಎಂದರು ಸರ್. ಗಂಗೋತ್ರಿ ನನ್ನ ಸೆರಗು ಜಗ್ಗಿದಳು. ನಾನು ಬಗ್ಗಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಅವಳ ಬೆನ್ನ ಮೇಲೆ ಕೈಯಿಟ್ಟೆ, ಕಿವಿ ಕೊಡಲಿಲ್ಲ. ಸರ್ ದುರ್ಬೀನಿನ ಕಾಲು ಮಡಿಸಲು ಕೂತರು. ಮಕ್ಕಳು ಚಪ್ಪಲಿ ಹುಡುಕತೊಡಗಿದರು.

ಸೆರಗು ಬಿಟ್ಟು ಅವಳು ಮುಂದೆ ಹೋದಳು. ತುಟಿಯ ಮೇಲೆ ಕೈಯಿರಲಿಲ್ಲ. ಭ, ಬ ಬರುವ ಮಾತನ್ನು ಅವಳು ಸುತ್ತಿ ಬಳಸಿ ತಪ್ಪಿಸುವುದು ರೂಢಿ. ಅಂದು ತಪ್ಪಿಸಲಿಲ್ಲ. ಮೂಗಿನಿಂದಲೇ, ಹಿಂದೆ ನಿಂತಿದ್ದ ಆ ಹುಡುಗನಿಗೂ ಕೇಳುವಷ್ಟು ಜೋರಾಗಿ ಕೇಳಿದಳು:

“ಸಾರ್, ಭೂಮಿ ನೆಳ್ಳು ಬಿದ್ರೆ ಚಂದ್ರುಂಗೇ ಏನೂ ಆಗಲ್ಲ. ಮತ್ತೆ ನನ್ ತುಟಿ ಹೆಂಗ್ ಸೀಳ್ತು?”