ಬಂಡೆಯ ಮೇಲಿನ ಸೊನ್ನೆ

ತಟ್ಟಣ್ಣನಿಗೆ ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಸುರಂಗದಲ್ಲಿ ಸಿಡಿಮದ್ದು ಹಾರಿಸಿ, ಹೊಗೆ ಇಳಿದ ಮೇಲೆ ಮೊದಲು ಒಳಗೆ ಕಾಲಿಡುವವನು ಅವನೇ. ಅಟ್ಟಣಿಗೆ ಹತ್ತಿ, ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ಗೇಣುಗೇಣಿಗೂ ತಟ್ಟಿ ನೋಡುವುದು ಅವನ ಕೆಲಸ. ಗಟ್ಟಿ ಕಲ್ಲು ಟಣ್ ಎನ್ನುತ್ತದೆ, ಒಳಗೆ ಬಿರುಕು ಬಿಟ್ಟದ್ದು ದೊಬ್ ಎನ್ನುತ್ತದೆ. ಗಟ್ಟಿಯಿದ್ದಲ್ಲಿ ಸೀಮೆಸುಣ್ಣದಿಂದ ಒಂದು ಸೊನ್ನೆ, ಪೊಳ್ಳಿದ್ದಲ್ಲಿ ಇಂಟು ಗುರುತು. ಇಂಟು ಬಿದ್ದ ಕಡೆ ಬೋಲ್ಟು ಹೊಡೆದು, ಕಬ್ಬಿಣದ ಕಮಾನು ನಿಲ್ಲಿಸುವ ತನಕ ಒಂದು ನರಪಿಳ್ಳೆಯೂ ಅದರ ಕೆಳಗೆ ಸುಳಿಯುವಂತಿಲ್ಲ. ಅವನು ತಟ್ಟುವಾಗ ಯಾರೂ ತುಟಿಪಿಟಕ್ಕೆನ್ನಬಾರದು, ಅವನಿಟ್ಟ ಗುರುತಿಗೆ ಎದುರಾಡಬಾರದು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಇಪ್ಪತ್ತಾರು ವರ್ಷಗಳಿಂದ ಯಾರೂ ಮುರಿದಿರಲಿಲ್ಲ.

ಇಂಥವನ ಕಿವಿ ಹೋಗಿ ಒಂದೂವರೆ ವರ್ಷವಾಗಿತ್ತು.

ಡ್ರಿಲ್ಲಿಂಗ್ ಮಷೀನಿನ ಸದ್ದು ಸ್ವಲ್ಪಸ್ವಲ್ಪವಾಗಿ ತಿಂದು ಹಾಕಿತ್ತು. ಕಿವಿಯಲ್ಲೇ ಕೂಗಿದರೆ ಮಾತ್ರ ಏನಾದರೂ ಕೇಳುತ್ತಿತ್ತು. ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಅವಳು ಮನೆಯಲ್ಲಿ ಅವನ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಮಾತಾಡುತ್ತಿದ್ದಳು. ಯಾರಾದರೂ ಬಂದರೆ ಪಕ್ಕದಲ್ಲೇ ಕೂತು, ಅವನು ಹೂಂ ಎನ್ನಬೇಕಾದಾಗ ಮೊಣಕಾಲು ಮುಟ್ಟುತ್ತಿದ್ದಳು.

"ಹೇಳಿಬಿಡ್ರಿ ಅವರಿಗೆ," ಎಂದು ಗೋಗರೆದಳು ಒಮ್ಮೆ. "ನನ್ನ ತಮ್ಮನೂ ಅಲ್ಲೇ ಕೆಲಸ ಮಾಡ್ತಾನೆ. ಅವನ ತಲೆ ನಿಮ್ಮ ಕೈಲಿದೆ."

"ಹೇಳಿದ್ರೆ ಗೇಟಿನ ಹತ್ರ ಹೆಲ್ಮೆಟ್ ಎಣಿಸೋಕೆ ಕೂರಿಸ್ತಾರೆ. ಕೈ ಅಂದ್ಯಲ್ಲ, ಅದಕ್ಕೂ ಕೇಳುತ್ತೆ ಸುಮ್ನಿರು."

ಅದು ಪೂರಾ ಸುಳ್ಳಲ್ಲ. ಎಡಗೈಯನ್ನು ಬಂಡೆಗೆ ಒತ್ತಿಟ್ಟು ಬಲಗೈಯಿಂದ ಹಾರೆ ಕುಟ್ಟಿದರೆ, ಸಡಿಲ ಕಲ್ಲು ಅಂಗೈಯ ಕೆಳಗೆ ಸಣ್ಣಗೆ ನಡುಗುತ್ತದೆ, ಗಟ್ಟಿ ಕಲ್ಲು ಸುಮ್ಮನಿರುತ್ತದೆ. ಒಂದೂವರೆ ವರ್ಷ ಆ ಅಂಗೈ ಅವನ ಮರ್ಯಾದೆ ಕಾಪಾಡಿತ್ತು. ಕಿವಿ ಹೋದರೂ ಹಮ್ಮು ಹೋಗಿರಲಿಲ್ಲ ಅನ್ನಿ.

ಆಮೇಲೆ ಬೇರೆ ಪಾಳಿಯಲ್ಲಿ ಒಬ್ಬನ ಬೆರಳು ಜಜ್ಜಿಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೊಸ ಸುರಕ್ಷತಾ ಅಧಿಕಾರಿ ಎಲ್ಲರಿಗೂ ದಪ್ಪ ರಬ್ಬರಿನ ಗ್ಲೌಸು ಹಂಚಿ, ತೆಗೆದವರನ್ನು ಮನೆಗೆ ಕಳಿಸುವುದಾಗಿ ಹೇಳಿ, ಅಟ್ಟಣಿಗೆಯ ಬುಡದಲ್ಲೇ ನಿಂತ. ಗ್ಲೌಸು ಹಾಕಿದ ಅಂಗೈಗೆ ಎಲ್ಲ ಕಲ್ಲೂ ಒಂದೇ. ಬೇಡ ಎನ್ನೋಣವೆಂದರೆ, ಯಾಕೆ ಎಂದು ಕೇಳುತ್ತಾರೆ.

ಮೊದಲ ದಿನ ಅನುಮಾನ ಬಂದಲ್ಲೆಲ್ಲ ಇಂಟು ಹಾಕಿದ. ಎರಡನೆಯ ದಿನವೂ ಅಷ್ಟೇ. ಕಮಾನು ನಿಲ್ಲಿಸಿ ನಿಲ್ಲಿಸಿ ಜನ ಸುಸ್ತಾದರು, ಕೆಲಸ ಒಂದು ಮಾರೂ ಮುಂದೆ ಹೋಗಲಿಲ್ಲ. ಇಂಜಿನಿಯರು ಬಂದು ಎದುರಿಗೇ ನಿಂತ.

"ಏನ್ ತಟ್ಟಣ್ಣ, ವಯಸ್ಸಾಯ್ತಾ? ಇಡೀ ಬೆಟ್ಟನೇ ಪೊಳ್ಳು ಅಂತಿದೀಯ."

ತುಟಿ ನೋಡಿ ತಟ್ಟಣ್ಣನಿಗೆ ಅರ್ಥವಾಯಿತು. ಸುತ್ತ ನಿಂತವರ ನಗು ಕೇಳಿಸಲಿಲ್ಲ, ಹಲ್ಲು ಕಾಣಿಸಿತು. ಆ ಹಲ್ಲುಗಳು ಅವನಿಗೆ ರಾತ್ರಿಯಿಡೀ ನಿದ್ದೆ ಕೊಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ಬಲಮೂಲೆಯ ಬಂಡೆಯನ್ನು ಹಾರೆಯಿಂದ ಕುಟ್ಟಿದ. ಗೊತ್ತಾಗಲಿಲ್ಲ. ಇನ್ನೊಮ್ಮೆ ಕುಟ್ಟಿದ. ಏನೂ ಗೊತ್ತಾಗಲಿಲ್ಲ. ಇಂಟು ಹಾಕಲು ಎತ್ತಿದ ಕೈ ಇಂಜಿನಿಯರನ ಮುಖ ನೆನಪಾಗಿ ಅಲ್ಲೇ ನಿಂತಿತು. ಸೊನ್ನೆ ಸುತ್ತಿದ. ಕೆಳಗಿನಿಂದ ಭಾಮೈದ ಹುಬ್ಬೇರಿಸಿ ಅವನನ್ನೇ ನೋಡುತ್ತಿದ್ದ. ಯಾವಾಗಲೂ ಚೇಷ್ಟೆ ಮಾಡುವವನು, ಇವತ್ತೂ ಗೇಲಿಗೇ ನೋಡುತ್ತಿದ್ದಾನೆಂದು ತಟ್ಟಣ್ಣ ಕಣ್ಣು ಕೆಂಪಗೆ ಮಾಡಿದ. ಹುಡುಗ ತಲೆ ತಗ್ಗಿಸಿ ಮಷೀನು ಎತ್ತಿಕೊಂಡು ಸೊನ್ನೆಯ ಕೆಳಗೆ ಹೋಗಿ ನಿಂತ.

ಹನ್ನೊಂದು ಗಂಟೆಯ ಸುಮಾರಿಗೆ ಆ ಮೂಲೆ ಕುಸಿಯಿತು. ಕಲ್ಲು ತುಂಬುತ್ತಿದ್ದ ಇಬ್ಬರು ಅಲ್ಲೇ ಸತ್ತರು. ಭಾಮೈದನನ್ನು ಹೊರಗೆಳೆಯಲು ನಾಲ್ಕು ತಾಸು ಬೇಕಾಯಿತು. ಅಷ್ಟು ಹೊತ್ತೂ ತಟ್ಟಣ್ಣ ಗ್ಲೌಸು ಕಿತ್ತೆಸೆದು ಬರಿಗೈಯಲ್ಲಿ ಕಲ್ಲು ಬಗೆದ. ಅಂಗೈಗೆ ಈಗ ಪ್ರತಿಯೊಂದು ನಡುಕವೂ ತಿಳಿಯುತ್ತಿತ್ತು.

ಮರುದಿನ ಆಸ್ಪತ್ರೆಯ ವಾರ್ಡಿನಲ್ಲಿ ಹತ್ತು ಮಂಚ, ಎಲ್ಲವೂ ಭರ್ತಿ. ಭಾಮೈದನ ದವಡೆಗೆ ಬ್ಯಾಂಡೇಜು ಸುತ್ತಿದ್ದರು. ಸೊಂಟದ ಕೆಳಗೆ ಅವನಿಗೆ ಸ್ಪರ್ಶಜ್ಞಾನವೇ ಇರಲಿಲ್ಲ, ಇನ್ನು ಬರುವುದೂ ಇಲ್ಲವೆಂದು ಡಾಕ್ಟರು ಅವನ ಅಕ್ಕನಿಗೆ ಹೇಳಿದ್ದರು. ತನಿಖೆಗೆ ಬಂದ ಅಧಿಕಾರಿ ಫೈಲು ಬಿಚ್ಚಿ ಏನೋ ಕೇಳಿದ. ಭಾಮೈದ ಉತ್ತರ ಕೊಟ್ಟ. ಬ್ಯಾಂಡೇಜಿನ ಅಡಿಯಲ್ಲಿ ತುಟಿ ಅಲುಗಿದ್ದಷ್ಟೇ ತಟ್ಟಣ್ಣನಿಗೆ ಕಂಡದ್ದು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಇವನತ್ತ ತಿರುಗಿ, ಮೀಸೆ ಮುಚ್ಚಿದ ತುಟಿಯಲ್ಲಿ ಏನೋ ಕೇಳಿ ಕಾಯುತ್ತಾ ಕೂತ.

ತಟ್ಟಣ್ಣ ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕಡೆ ನೋಡಿದ. ಅವಳು ಮೊಣಕಾಲು ಮುಟ್ಟಲಿಲ್ಲ.

"ಏನಂದ ಅವನು?" ಎಂದು ಪಿಸುಗುಟ್ಟಿದ.

ಅವಳು ಎದ್ದು, ಅವನ ಭುಜ ಹಿಡಿದು ಕಿವಿಗೆ ಬಾಯಿಟ್ಟು, ಇಡೀ ವಾರ್ಡು ತಿರುಗಿ ನೋಡುವಂತೆ ಕೂಗಿ ಹೇಳಿದಳು:

"ಕಲ್ಲು ದೊಬ್ ಅಂದಿದ್ದು ಅವನಿಗೆ ಕೇಳಿಸ್ತಂತೆ. ಭಾವನೇ ಸೊನ್ನೆ ಹಾಕಿದ್ರಲ್ಲ, ನನ್ನ ಕಿವಿನೇ ಸರಿಯಿಲ್ಲ ಅಂದ್ಕೊಂಡೆ ಅಂತಿದಾನೆ."

ತಟ್ಟಣ್ಣನಿಗೆ ಒಂದೊಂದು ಅಕ್ಷರವೂ ಕೇಳಿಸಿತು.